ಮೊಲ ಬಿಟ್ಟು ವಾಪಸ್ ಬರುವ ಚುಕ್ಕಿ: ಮುಧೋಳ ನಾಯಿಗೆ ಸೀಟಿ ಕಲಿಸಿದ ನನ್ನ ಅನುಭವ

ಮುಧೋಳ ನಾಯಿಯನ್ನು ಹಗ್ಗ ಬಿಚ್ಚಿ ಓಡಿಸಿ ಮತ್ತೆ ಕರೆಯಬಹುದು ಎಂದಾಗ ನಮ್ಮೂರಲ್ಲಿ ಯಾರೂ ನಂಬಲಿಲ್ಲ. "ಬೇಟೆ ನಾಯಿ ಕಣಪ್ಪ ಅದು. ಕಣ್ಣಿಗೆ ಏನಾದ್ರೂ ಬಿತ್ತು ಅಂದ್ರೆ ಕಿವಿ ಕೇಳಲ್ಲ" ಎಂದರು ದೊಡ್ಡಪ್ಪ. ಅವರು ನಲವತ್ತು ವರ್ಷ ಕುರಿ ಕಾಯ್ದವರು, ಸುಮ್ನೆ ಮಾತಾಡುವವರಲ್ಲ. ಆದರೆ ಒಂದೂವರೆ ವರ್ಷದಿಂದ ನನ್ನ ಚುಕ್ಕಿ ಎರಡು ಸೀಟಿ ಊದಿದರೆ ಮೊಲ ಬಿಟ್ಟು ವಾಪಸ್ ಬರುತ್ತಿದ್ದಾಳೆ. ಹತ್ತಕ್ಕೆ ಒಂಬತ್ತು ಸಲ. ಇಷ್ಟು ಮಾಡಿ ತೋರಿಸಿದವರನ್ನು ನಮ್ಮ ಸುತ್ತಮುತ್ತ ನಾನಂತೂ ನೋಡಿಲ್ಲ.

ನಮ್ಮದು ಮಧುಗಿರಿ ತಾಲ್ಲೂಕು. ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ನಮಗೆ ದೂರವಿಲ್ಲ. ಜಿಂಕೆಗಳಿಗೆ ಗಡಿ ಗೊತ್ತಿಲ್ಲ, ಹೊಲಕ್ಕೂ ಬರುತ್ತವೆ. ಮೊಲವಿರಲಿ ಜಿಂಕೆಯಿರಲಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಪರಾಧ. ಹಾಗಂತ ಇಂಥ ನಾಯಿಯನ್ನು ಇಡೀ ದಿನ ಕಟ್ಟಿಹಾಕಿದರೆ ಅದು ಒಳಗೊಳಗೇ ಕುಗ್ಗಿಹೋಗುತ್ತದೆ. ಅದನ್ನು ನೋಡಲು ನನಗೆ ಆಗುವುದಿಲ್ಲ.

ಮರಿಯನ್ನು ಮುಧೋಳದ ಕಡೆಯಿಂದ ತಂದಿದ್ದು. ಬಸ್ಸು, ಊಟ ಎಲ್ಲ ಸೇರಿ 15 ಸಾವಿರದ ಹತ್ತಿರ ಆಯಿತು. ಹನ್ನೊಂದು ತಿಂಗಳಿದ್ದಾಗ ಪಟ್ಟಿ ಕಳಚಿಕೊಂಡು ಓಡಿ, ಪಕ್ಕದ ಊರಿನವರ ಟಗರು ಮರಿ ಕೊಂದಳು. 9 ಸಾವಿರ ಕೊಟ್ಟೆ. ದುಡ್ಡಿಗಿಂತ ಆ ಮನೆ ಅಜ್ಜಿ ಅತ್ತಿದ್ದು ಇನ್ನೂ ನೆನಪಿದೆ. ತಪ್ಪು ನನ್ನದೇ. ಈ ನಾಯಿಗಳ ತಲೆ ಕುತ್ತಿಗೆಗಿಂತ ಸಣ್ಣ, ಅಂಗಡಿಯ ಮಾಮೂಲಿ ಪಟ್ಟಿ ನಿಲ್ಲುವುದಿಲ್ಲ. ಈಗ ಮಧುಗಿರಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಎರಡು ಇಂಚು ಅಗಲದ ಚರ್ಮದ ಪಟ್ಟಿ ಹೊಲಿಸಿದ್ದೇನೆ. ಎಳೆದರೆ ಸ್ವಲ್ಪ ಬಿಗಿಯಾಗುವಂಥದ್ದು. 350 ರೂಪಾಯಿ.

ಆಮೇಲೆ ಏನೇನು ಮಾಡಲಿಲ್ಲ! ಬಿಸ್ಕತ್ತು, ಬೇಯಿಸಿದ ಈಲಿ, ಎಲ್ಲ ಮನೆ ಅಂಗಳದಲ್ಲಿ ಚೆನ್ನಾಗಿ ನಡೆಯಿತು. ಹೊಲದಲ್ಲಿ ಮೊಲ ಎದ್ದರೆ ಈಲಿ ಯಾರಿಗೆ ಬೇಕು? ಮೂವತ್ತು ಮೀಟರ್ ಹಗ್ಗ ಕಟ್ಟಿದೆ. ಪೂರ್ತಿ ವೇಗದಲ್ಲಿ ಓಡಿ ಹಗ್ಗದ ತುದಿಗೆ ಬಂದು ಪಲ್ಟಿ ಹೊಡೆದಳು. ಮೂರು ನಾಲ್ಕು ದಿನ ಕುತ್ತಿಗೆ ತಿರುಗಿಸಲಿಲ್ಲ. ನನ್ನ ಅಂಗೈ ಚರ್ಮವೂ ಕಿತ್ತುಬಂತು. ಬೆಂಗಳೂರಿನ ಒಬ್ಬ ತರಬೇತುದಾರರಿಗೆ 6 ಸಾವಿರ ಕೊಟ್ಟೆ, ಮೂರು ವಾರದಲ್ಲಿ ಅವರೂ ಕೈಚೆಲ್ಲಿದರು. ತಡವಾಗಿ ಬಂದಾಗ ನಾನು ಎರಡು ಸಲ ಹೊಡೆದಿದ್ದೇ ಎಲ್ಲಕ್ಕಿಂತ ಕೆಟ್ಟದ್ದಾಯಿತು. ವಾಪಸ್ ಬಂದರೆ ಏಟು ಎಂದು ಕಲಿತಳು. ಅದನ್ನು ಮರೆಸಲು ಎರಡು ತಿಂಗಳು ಹಿಡಿಯಿತು.

ಕೊನೆಗೆ ಹೊಳೆದದ್ದು ಇಷ್ಟೇ. ಇವಳಿಗೆ ಬೇಕಾಗಿರುವುದು ತಿಂಡಿಯಲ್ಲ, ಅಟ್ಟಿಸಿಕೊಂಡು ಹೋಗುವುದು. ಹಾಗಾದರೆ ಕೂಲಿಯೂ ಅದೇ ಆಗಲಿ. ಸೀಟಿ ಊದಿದರೆ ಮುಂದೆ ಓಡುತ್ತಿರುವ ಸುಳ್ಳು ಬೇಟೆ ಸಾಯಬೇಕು, ನನ್ನ ಹತ್ತಿರ ಹೊಸದು ಜೀವ ಪಡೆಯಬೇಕು.

ಶುರುವಿಗೆ ಬಿದಿರು ಕೋಲು, ಹಗ್ಗ, ತುದಿಗೆ ಕುರಿ ಚರ್ಮದ ತುಂಡು. ಕುರಿ ಅಟ್ಟಿಸಬಾರದು ಎನ್ನುವ ನಾಯಿಗೆ ಕುರಿ ವಾಸನೆಯನ್ನೇ ತೋರಿಸಿದೆ! ವಾರದೊಳಗೆ ದೊಡ್ಡಪ್ಪನ ಹಿಂಡು ನೋಡಿದರೆ ಅಟ್ಟುವ ಆಸೆಗೆ ನಡುಗತೊಡಗಿದಳು. ಚರ್ಮ ಎಸೆದು ಬಿಳಿ ಪ್ಲಾಸ್ಟಿಕ್ ಕವರ್ ಕಟ್ಟಿದೆ. ವಾಸನೆ ಬೇಕಿಲ್ಲ. ಕಣ್ಣಿನಿಂದಲೇ ಬೇಟೆ ಹಿಡಿಯುವ ನಾಯಿಗೆ ಅಲುಗಾಟ ಸಾಕು.

ದೂರದ ಓಟಕ್ಕೆ ಕವರನ್ನು ದಾರದಿಂದ ಎಳೆಯುವ ಯಂತ್ರ ಬೇಕಾಯಿತು. ಗುಜರಿಯಲ್ಲಿ ಹಳೇ ಕಾರಿನ ಸ್ಟಾರ್ಟರ್ ಮೋಟಾರ್ 700ಕ್ಕೆ ಸಿಕ್ಕಿತು. ಬ್ಯಾಟರಿ ಮನೆಯ ಟ್ರ್ಯಾಕ್ಟರಿನದು. ಮೊದಲು ಸೈಕಲ್ ರಿಮ್‌ಗೆ ದಾರ ಸುತ್ತಿದೆ. ಕವರ್ ಹಾರಿದ್ದೇ ಗೊತ್ತಾಗಲಿಲ್ಲ. ಚುಕ್ಕಿ ನಿಂತಲ್ಲೇ ನಿಂತು ನನ್ನ ಮುಖ ನೋಡಿದಳು. ಕಣ್ಣಿಗೆ ಕಾಣದ್ದನ್ನು ಇವು ಅಟ್ಟುವುದಿಲ್ಲ. ಐದು ಇಂಚಿನ ರಾಟೆ ಹಾಕಿದ ಮೇಲೆ ಸರಿಹೋಯಿತು. ಕವರ್ ನಾಯಿಗಿಂತ ಹದಿನೈದು ಇಪ್ಪತ್ತು ಮೀಟರ್ ಮುಂದಿರಬೇಕು. ವೇಗ ಹಿಡಿತದಲ್ಲಿಡಲು ರಾಟೆಗೆ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ. ಸ್ಟಾರ್ಟರನ್ನು ಒಂದೇ ಸಮನೆ ಓಡಿಸಬೇಡಿ, ಹತ್ತು ಹನ್ನೆರಡು ಸೆಕೆಂಡು ಸಾಕು. ನನ್ನದು ಒಂದು ಸುಟ್ಟುಹೋಯಿತು. ದಾರ ಕಾಲಿಗೆ ಸುತ್ತಿಕೊಂಡರೆ ಕೊಯ್ದುಬಿಡುತ್ತದೆ, ಹಾಗಾಗಿ ನೇರ ಓಟ ಮಾತ್ರ.

ನೂರೈವತ್ತು ಮೀಟರ್ ಹಾದಿ. ಅರ್ಧಕ್ಕೆ ಬಂದಾಗ ಸೀಟಿ. ನನ್ನ ತಮ್ಮ ಸ್ವಿಚ್ ಬಿಡುತ್ತಿದ್ದ, ಕವರ್ ಸತ್ತಂತೆ ಬೀಳುತ್ತಿತ್ತು. ಅದೇ ಗಳಿಗೆಯಲ್ಲಿ ನನ್ನ ಬಿದಿರು ಕೋಲಿನ ಕವರ್ ಕುಣಿಯಬೇಕು. ಒಂದು ಸೆಕೆಂಡ್ ತಡವಾದರೂ ಆ ದಿನದ ಪಾಠ ಹಾಳು. ಮೊದಲ ಎರಡು ವಾರ ತಿರುಗಿಯೂ ನೋಡಲಿಲ್ಲ. ಮೂರನೇ ವಾರ ಕತ್ತು ಹೊರಳಿಸಿದಳು. ಐದನೇ ವಾರದ ಹೊತ್ತಿಗೆ ಸೀಟಿ ಕೇಳಿದರೆ ಮಣ್ಣು ಎದ್ದು ಹೋಗುವ ಹಾಗೆ ತಿರುಗಿ ಬರುತ್ತಿದ್ದಳು. ನನ್ನ ಕಣ್ಣು ತುಂಬಿತು.

ದಿನಕ್ಕೆ ಮೂರೇ ಓಟ. ಊಟಕ್ಕೂ ಓಟಕ್ಕೂ ಎರಡು ಗಂಟೆ ಅಂತರ, ಇಲ್ಲದಿದ್ದರೆ ಹೊಟ್ಟೆ ಉಬ್ಬರ ಬಂದು ಜೀವಕ್ಕೇ ಕುತ್ತಾಗಬಹುದು. ಓಡಿಸುವ ಮೊದಲು ನೆಲ ನೋಡಿ. ನಮ್ಮಲ್ಲಿ ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಜಾಸ್ತಿ. ತಂತಿ ಬೇಲಿ ಇನ್ನೂ ಕೆಟ್ಟದ್ದು, ಇವುಗಳ ಚರ್ಮ ಕಾಗದದಂತೆ ಹರಿಯುತ್ತದೆ. ಹೊಲಿಗೆ ಹಾಕಿಸುವಾಗ ಇದು ಬೇಟೆ ನಾಯಿ, ಕೊಬ್ಬು ಕಮ್ಮಿ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಕೆಲವು ಮತ್ತಿನ ಔಷಧಿ ಇವುಗಳ ಮೈಯಿಂದ ಇಳಿಯುವುದು ತಡ.

ಊಟದಲ್ಲೂ ಪ್ರಯೋಗ ಮಾಡಿದೆ. ಆರು ತಿಂಗಳು ಬರೀ ರಾಗಿ ಮುದ್ದೆ, ಮಜ್ಜಿಗೆ. ಮೂರನೇ ಓಟಕ್ಕೆ ಸೋತುಹೋಗುತ್ತಿದ್ದಳು. ಮುದ್ದೆ ಅರ್ಧಕ್ಕೆ ಇಳಿಸಿ, ಎರಡು ಮೊಟ್ಟೆ, ಕೋಳಿ ಮಾಂಸ, ಹುರುಳಿ ಕಟ್ಟು ಸೇರಿಸಿದೆ. ಈಗ 23 ಕೆಜಿ ಇರಬಹುದು. ಮೂರು ಪಕ್ಕೆಲುಬು ಕಾಣುತ್ತವೆ, "ಊಟ ಹಾಕಲ್ವಾ" ಎಂದು ಜನ ಕೇಳುತ್ತಾರೆ. ಅದೇ ಸರಿಯಾದ ಮೈಕಟ್ಟು. ಚಳಿಗಾಲಕ್ಕೆ ಹಳೇ ಕಂಬಳಿ ಕತ್ತರಿಸಿ ಅಂಗಿ ಹೊಲಿದೆ, ಈಗ ರಾತ್ರಿ ನಡುಗುವುದಿಲ್ಲ.

ಮುಧೋಳಕ್ಕೂ ನಾಟಿಗೂ ಹುಟ್ಟಿದ ಕರಿಯನೂ ಇದ್ದಾನೆ. ಇಂಗ್ಲೆಂಡಿನಲ್ಲಿ ಇಂಥ ಕ್ರಾಸಿಗೆ ಲರ್ಚರ್ ಎನ್ನುತ್ತಾರೆ. ಓಟದಲ್ಲಿ ಚುಕ್ಕಿಯ ಹಿಂದೆ, ಬುದ್ಧಿಯಲ್ಲಿ ಮುಂದೆ. ಹನ್ನೆರಡು ದಿನಕ್ಕೆ ಸೀಟಿ ಕಲಿತ. ಆದರೆ ಕವರ್ ಸುಳ್ಳು ಎಂದು ತಿಂಗಳೊಳಗೆ ಕಂಡುಹಿಡಿದು, ಓಡದೆ ಯಂತ್ರದ ಹತ್ತಿರ ಹೋಗಿ ಕೂರುತ್ತಿದ್ದ. ಅವನಿಗೆ ಬೇರೆ ದಾರಿ ಹುಡುಕಿದ್ದೇನೆ. ಪೂರ್ತಿ ಹಿಡಿತಕ್ಕೆ ಬಂದ ಮೇಲೆ ಹೇಳುತ್ತೇನೆ.

ಹೋದ ರಾಗಿ ಕೊಯ್ಲಾದ ಮೇಲೆ ಕೂಳೆಯಲ್ಲಿ ದೊಡ್ಡಪ್ಪನ ಕಣ್ಣೆದುರೇ ಮೊಲ ಎದ್ದಿತು. ಚುಕ್ಕಿ ನೂರು ಮೀಟರ್ ಹೋಗಿದ್ದಳು. ಎರಡು ಸೀಟಿ ಊದಿದೆ. ಬಂದಳು. ನನ್ನ ಚೀಲದಿಂದ ಕವರ್ ತೆಗೆದು ಆಡಿಸಿದೆ. ದೊಡ್ಡಪ್ಪ ಏನೂ ಹೇಳದೆ ಎಲೆ ಅಡಿಕೆ ಹಾಕಿಕೊಂಡರು. ಮಾರನೇ ಸಂಜೆ ತಾವೇ ಬಂದು ಬದುವಿನ ಮೇಲೆ ಕೂತು, ಸ್ವಿಚ್ ಕೊಡು ಎಂದರು. ಈಗ ದಿನಾ ಅವರೇ ಒತ್ತುವುದು. ಬಿಡುವುದು ಮಾತ್ರ ಸ್ವಲ್ಪ ತಡ ಮಾಡುತ್ತಾರೆ, ಅದಕ್ಕೆ ನಾನು ಸೀಟಿಯನ್ನೇ ಸ್ವಲ್ಪ ಮೊದಲು ಊದುತ್ತೇನೆ.