ಐರ್ಲೆಂಡಿನಲ್ಲಿ ಕೌನ್ಸಿಲರ್ ಆಗುವುದು, ಅಲ್ಲಿಂದ ಸಂಸತ್ತಿನ ಕೆಳಮನೆಯಾದ ಡಾಯ್ಲ್‌ವರೆಗೆ ಹೋಗುವುದು ಹೇಗೆ

ಐರ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಲಿಕ್ಕೂ, ನಿಲ್ಲಲಿಕ್ಕೂ ಆ ದೇಶದ ಪೌರತ್ವ ಬೇಕಿಲ್ಲ. 18 ತುಂಬಿರಬೇಕು, ಅಲ್ಲಿ ವಾಸವಿರಬೇಕು, ಅಷ್ಟೆ. ಡಬ್ಲಿನ್, ಕಾರ್ಕ್ ಕಡೆ ಭಾರತದ ಪಾಸ್‌ಪೋರ್ಟಿನಲ್ಲೇ ಕೆಲಸಕ್ಕಿರುವ ಕನ್ನಡಿಗರಿಗೂ ಈ ಹಕ್ಕಿದೆ. ನೈಜೀರಿಯಾದಿಂದ 2000ದಲ್ಲಿ ಆಶ್ರಯ ಕೇಳಿಕೊಂಡು ಬಂದ ರೋಟಿಮಿ ಅಡೆಬಾರಿ ನಾಲ್ಕೇ ವರ್ಷಕ್ಕೆ ಪೋರ್ಟ್‌ಲೀಶ್ ಪಟ್ಟಣ ಕೌನ್ಸಿಲಿಗೆ ಗೆದ್ದು, 2007ರಲ್ಲಿ ಮೇಯರ್ ಆದರು.

ದೇಶದಲ್ಲಿ 31 ಸ್ಥಳೀಯ ಸಂಸ್ಥೆಗಳು, 949 ಕೌನ್ಸಿಲರ್‌ಗಳು. ಐದು ವರ್ಷಕ್ಕೊಮ್ಮೆ ಚುನಾವಣೆ. ಕಳೆದದ್ದು 2024ರ ಜೂನ್ 7ರಂದು ಆಯಿತು. ಅಂದರೆ ಮುಂದಿನದು 2029ಕ್ಕೆ. ನಿಲ್ಲುವ ಮನಸ್ಸಿದ್ದವರು ಈಗಿನಿಂದಲೇ ಊರಿನ ಕೆಲಸಕ್ಕೆ ಇಳಿಯಬೇಕು, ಪೋಸ್ಟರ್ ಹಚ್ಚುವ ತಿಂಗಳಲ್ಲಿ ಶುರು ಮಾಡಿದರೆ ಆಗುವುದಿಲ್ಲ. ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಪಿಪಿಎಸ್ ಸಂಖ್ಯೆ (ಸರ್ಕಾರಿ ಸೇವೆಗಳಿಗೆ ಅಲ್ಲಿ ಕೊಡುವ ವೈಯಕ್ತಿಕ ಸಂಖ್ಯೆ), ಹುಟ್ಟಿದ ದಿನಾಂಕ, ಏರ್‌ಕೋಡ್ (ಅಲ್ಲಿಯ ಪಿನ್‌ಕೋಡ್) ಕೈಯಲ್ಲಿದ್ದರೆ ಆನ್‌ಲೈನಿನಲ್ಲೇ ಆಗುತ್ತದೆ. ಬಾಡಿಗೆ ಮನೆ ಬದಲಿಸಿದಾಗ ವಿಳಾಸ ಬದಲಿಸಲು ಮರೆಯುವವರು ಬಹಳ. ನಿಮಗೆ ಮತ ಹಾಕಬೇಕಾದ ಸ್ನೇಹಿತರಿಗೂ ಇದನ್ನು ನೆನಪಿಸಿ.

ನಾಮಪತ್ರಕ್ಕೆ ಪಕ್ಷದ ಅಭ್ಯರ್ಥಿಗಳು ಪಕ್ಷದ ದೃಢೀಕರಣ ಪತ್ರ ಲಗತ್ತಿಸುತ್ತಾರೆ. ಪಕ್ಷೇತರರಿಗೆ ಎರಡು ದಾರಿ: ಆ ಕ್ಷೇತ್ರದ 15 ಮತದಾರರ ಅನುಮೋದನೆ, ಇಲ್ಲವೇ 100 ಯೂರೋ ಠೇವಣಿ. ಹದಿನೈದು ಜನರಿಂದ ಕಾಗದಪತ್ರ ಮಾಡಿಸಿಕೊಂಡು ಓಡಾಡುವುದಕ್ಕಿಂತ ಠೇವಣಿ ಕಟ್ಟುವುದೇ ಸಲೀಸು. ಕೊನೆಯ ದಿನ ಮಧ್ಯಾಹ್ನ 12ಕ್ಕೆ ಬಾಗಿಲು ಮುಚ್ಚಿತೆಂದರೆ ಮುಚ್ಚಿತು. ಒಂದೆರಡು ದಿನ ಮೊದಲೇ ಸಲ್ಲಿಸಿದರೆ ತಪ್ಪು ತಿದ್ದಲು ಸಮಯ ಸಿಗುತ್ತದೆ.

ದುಡ್ಡಿನ ವಿಷಯದಲ್ಲಿ ಹುಷಾರು. ಒಬ್ಬರಿಂದ ವರ್ಷಕ್ಕೆ 1,000 ಯೂರೋಗಿಂತ ಹೆಚ್ಚು ದೇಣಿಗೆ ಪಡೆಯುವಂತಿಲ್ಲ, ನಗದಾದರೆ 200ಕ್ಕಿಂತ ಹೆಚ್ಚಿಲ್ಲ. ಐರಿಶ್ ಪ್ರಜೆಯಲ್ಲದ, ಆ ದ್ವೀಪದಿಂದ ಹೊರಗಿರುವವರ ದೇಣಿಗೆ ಪೂರ್ತಿ ನಿಷಿದ್ಧ. ಮೈಸೂರಿನ ದೊಡ್ಡಪ್ಪ ಪ್ರೀತಿಯಿಂದ ಕಳಿಸಿದ ಹಣವನ್ನು ಪ್ರಚಾರಕ್ಕೆ ಬಳಸಿದರೂ ಕಾನೂನು ಮುರಿದಂತೆಯೇ.

ಇನ್ನು ಮನೆ ಮನೆ ತಿರುಗುವುದು. ಅಲ್ಲಿ ಇದಕ್ಕೆ ಕ್ಯಾನ್ವಾಸ್ ಅನ್ನುತ್ತಾರೆ, ಗೆಲುವಿನ ಬಹುಪಾಲು ಇದರಲ್ಲೇ ಇದೆ. ಇಬ್ಬರು ಜೊತೆಯಾಗಿ ಹೋಗಿ. ಒಬ್ಬರ ಕೈಯಲ್ಲಿ ಬೀದಿವಾರು ಮತದಾರರ ಪಟ್ಟಿ, ಪೆನ್ನು. ಹುಲ್ಲುಹಾಸು ತುಳಿಯಬೇಡಿ, ಬಂದಹಾಗೆಯೇ ಗೇಟು ಮುಚ್ಚಿ ಬನ್ನಿ. ತೆರೆದ ಗೇಟಿನಿಂದ ನಾಯಿ ಓಡಿಹೋದ ಮನೆಯ ಮತ ಸಿಗುವುದಿಲ್ಲ. ಮನೆಯವರು ಹೇಳಿದ ತೊಂದರೆಯನ್ನು ಅವರೆದುರೇ ಬರೆದುಕೊಂಡು ವಾರದೊಳಗೆ ಉತ್ತರ ಕೊಡಿ, ಆಗಲಿಲ್ಲ ಎಂಬ ಉತ್ತರವಾದರೂ ಸರಿ.

ಹೊಸಬರು ಎಡವುವುದು ಆಗದ್ದಕ್ಕೆ ಮಾತು ಕೊಟ್ಟು. ಕೌನ್ಸಿಲ್ ಕೈಯಲ್ಲಿರುವುದು ರಸ್ತೆ, ವಸತಿ, ಗ್ರಂಥಾಲಯ, ಉದ್ಯಾನ, ಅಗ್ನಿಶಾಮಕ ಇಂಥವು. ಪೊಲೀಸು, ಆಸ್ಪತ್ರೆ, ಶಾಲೆ ಅದರದ್ದಲ್ಲ. ಬಜೆಟ್ಟು, ಅಭಿವೃದ್ಧಿ ಯೋಜನೆ ಕೌನ್ಸಿಲರ್‌ಗಳ ಮತದಿಂದ ನಿರ್ಧಾರವಾಗುತ್ತವೆ. ಆದರೆ ಒಂದೊಂದು ಮನೆಗೆ ಕಟ್ಟಡ ಅನುಮತಿ ಕೊಡುವುದು ಮುಖ್ಯ ಕಾರ್ಯನಿರ್ವಾಹಕರ ಅಧಿಕಾರ. "ನಿಮ್ಮ ಪ್ಲಾನ್ ಪಾಸ್ ಮಾಡಿಸಿಕೊಡುತ್ತೇನೆ" ಎಂದವರು ಮುಂದಿನ ಸಲ ಆ ಬೀದಿಗೆ ಕಾಲಿಡುವುದು ಕಷ್ಟ.

ಪೋಸ್ಟರ್ ಕಟ್ಟಲು ಮತದಾನಕ್ಕೆ ಮುಂಚಿನ ಗರಿಷ್ಠ 30 ದಿನ. ಮುಗಿದ ಮೇಲೆ 7 ದಿನದೊಳಗೆ ಬಿಚ್ಚಬೇಕು, ಇಲ್ಲವಾದರೆ 150 ಯೂರೋ ದಂಡ. ಕಂಬದಲ್ಲಿ ಉಳಿದ ಪ್ಲಾಸ್ಟಿಕ್ ಟೈಗಳನ್ನೂ ಕತ್ತರಿಸಿ ತನ್ನಿ. ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಪೋಸ್ಟರಿನಲ್ಲಿ ಕಡ್ಡಾಯ.

ಎಲ್ಲಕ್ಕಿಂತ ಮುಖ್ಯವಾಗಿ ಅರ್ಥವಾಗಬೇಕಾದದ್ದು ಎಣಿಕೆ. ಮತದಾರರು ಒಬ್ಬರಿಗೆ ಮುದ್ರೆ ಒತ್ತುವುದಿಲ್ಲ, 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಕರ್ನಾಟಕದಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಮತ ಹಾಕಿದವರಿಗೆ ಹೀಗೆ ಅಂಕಿ ಬರೆದು ಅಭ್ಯಾಸವಿದೆ. ಆರು ಸ್ಥಾನದ ಕ್ಷೇತ್ರದಲ್ಲಿ 14,000 ಸಿಂಧು ಮತ ಬಿದ್ದಿವೆ ಎನ್ನಿ. ಸ್ಥಾನಕ್ಕೆ ಒಂದು ಕೂಡಿಸಿ ಭಾಗಿಸಿ: 14,000 ಭಾಗಿಸು 7, ಅಂದರೆ 2,000. ಅದಕ್ಕೆ ಒಂದು ಸೇರಿಸಿ: ಕೋಟಾ, ಅಂದರೆ ಗೆಲ್ಲಲು ಮುಟ್ಟಬೇಕಾದ ಮತ, 2,001. ಮೊದಲ ಸುತ್ತಿನಲ್ಲೇ ಒಬ್ಬರಿಗೆ 2,601 ಬಂದರೆ 600 ಹೆಚ್ಚುವರಿ. ಅವರ 2,601 ಮತಪತ್ರಗಳನ್ನೂ ಬಿಡಿಸಿ ಎರಡನೆಯ ಪ್ರಾಶಸ್ತ್ಯ ನೋಡುತ್ತಾರೆ. 2,400ರಲ್ಲಿ ಮುಂದಿನ ಅಂಕಿ ಇದ್ದು, ಆ ಪೈಕಿ 960 ನಿಮಗಿದ್ದರೆ, ಅದು ನೂರಕ್ಕೆ ನಲವತ್ತು. 600ರಲ್ಲಿ 240 ಮತ ನಿಮಗೆ ಬರುತ್ತದೆ. ಹಂಚಲು ಹೆಚ್ಚುವರಿ ಉಳಿಯದಿದ್ದಾಗ ಕೊನೆಯಲ್ಲಿರುವವರನ್ನು ಹೊರಹಾಕಿ ಅವರ ಮತಪತ್ರಗಳನ್ನು ಹಂಚುತ್ತಾರೆ. ಮೊದಲ ಸುತ್ತಿನಲ್ಲಿ ಎಂಟನೆಯವರಾಗಿದ್ದವರು ಹೀಗೆಯೇ ಆರನೆಯ ಸ್ಥಾನ ಹಿಡಿಯಬಹುದು. ಆದ್ದರಿಂದ ಎದುರಾಳಿಯ ಬೋರ್ಡು ತೂಗುವ ಮನೆಯ ಬಾಗಿಲನ್ನೂ ತಟ್ಟಿ. "ನಿಮ್ಮ ನಂಬರ್ ಒನ್ ಅವರಿಗೇ ಇರಲಿ, ಎರಡು ನನಗೆ ಕೊಡಿ" ಎಂದು ಕೇಳಿ; ಅಲ್ಲಿ ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲ. ಎದುರಾಳಿಯನ್ನು ಬೈದರೆ ಆ ಎರಡು ಹೋಯಿತು.

ಎಣಿಕೆಯ ಬೆಳಿಗ್ಗೆ ತಡೆಬೇಲಿಗೆ ಒರಗಿ ನಿಂತವರನ್ನು ಗಮನಿಸಿ. ಪೆಟ್ಟಿಗೆ ತೆರೆದು ಮತಪತ್ರ ಬಿಡಿಸುವಾಗಲೇ ಅವರು ಪ್ರತಿಯೊಂದರ 1 ಯಾರಿಗೆಂದು ನೋಡಿ ಹಾಳೆಯಲ್ಲಿ ಗೀಟು ಹಾಕುತ್ತಾರೆ. ಇವರೇ ಟ್ಯಾಲಿಮನ್‌ಗಳು. ಅಧಿಕೃತ ಅಂಕಿ ಬರುವ ಎಷ್ಟೋ ಮೊದಲು ಯಾವ ಬೀದಿ ನಿಮ್ಮ ಕೈ ಹಿಡಿಯಿತು ಎಂಬ ಲೆಕ್ಕ ಇವರಲ್ಲಿರುತ್ತದೆ. ನಿಮ್ಮ ಕಡೆಯ ನಾಲ್ಕಾರು ಜನರನ್ನು ನಿಲ್ಲಿಸಿ, ಆ ಹಾಳೆಗಳನ್ನು ಜೋಪಾನವಾಗಿಡಿ.

ಡಾಯ್ಲ್, ಅಂದರೆ ಸಂಸತ್ತಿನ ಕೆಳಮನೆಗೆ ನಿಲ್ಲಲು ಐರಿಶ್ ಪೌರತ್ವ ಬೇಕು, 21 ತುಂಬಿರಬೇಕು. ಭಾರತ ಇಬ್ಬಗೆ ಪೌರತ್ವ ಒಪ್ಪದ ಕಾರಣ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ; ಬೇಕಿದ್ದವರು ಓಸಿಐ (ಸಾಗರೋತ್ತರ ಭಾರತೀಯರ ಕಾರ್ಡು) ಮಾಡಿಸಿಕೊಳ್ಳಬಹುದು. ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷದ ವಾಸ ಬೇಕು, ವಿದ್ಯಾರ್ಥಿ ವೀಸಾದ ವರ್ಷಗಳು ಲೆಕ್ಕಕ್ಕಿಲ್ಲ. ಪಕ್ಷೇತರರಿಗೆ ಠೇವಣಿ 500 ಯೂರೋ ಅಥವಾ 30 ಅನುಮೋದಕರು.

ಕೌನ್ಸಿಲಿನಿಂದ ಮೇಲೇರಿದವರ ದಾರಿ ಒಂದೇ ತೆರನಲ್ಲ. ಕೆರಿ ಜಿಲ್ಲೆಯ ಕಿಲ್‌ಗಾರ್ವನ್ನಿನ ಜಾಕಿ ಹೀಲಿ-ರೇ 1973ರಲ್ಲಿ ಕೌನ್ಸಿಲಿಗೆ ಬಂದರು, ಡಾಯ್ಲ್ ತಲುಪಿದ್ದು 1997ರಲ್ಲಿ, ಅದೂ ಪಕ್ಷ ಟಿಕೆಟ್ ಕೊಡದಾಗ ಪಕ್ಷೇತರರಾಗಿ. ಗಾಲ್ವೇಯ ಮೈಕಲ್ ಡಿ. ಹಿಗಿನ್ಸ್ 1969 ಮತ್ತು 1973ರಲ್ಲಿ ಡಾಯ್ಲ್‌ಗೆ ನಿಂತು ಸೋತರು. ಕೌನ್ಸಿಲ್, ಮೇಲ್ಮನೆ, ಡಾಯ್ಲ್, ಸಚಿವ ಸ್ಥಾನ ದಾಟಿ 2011ರಲ್ಲಿ ಅಧ್ಯಕ್ಷರಾದರು. ಮುಂಬೈ ಮೂಲದ ತಂದೆಯ ಮಗ ಲಿಯೊ ವರಾಡ್ಕರ್ 1999ರ ಸ್ಥಳೀಯ ಚುನಾವಣೆಯಲ್ಲಿ ಸೋತು, 2004ರಲ್ಲಿ ಗೆದ್ದು, 2007ರಲ್ಲಿ ಡಾಯ್ಲ್‌ಗೆ, 2017ರಲ್ಲಿ ಪ್ರಧಾನಿ ಹುದ್ದೆಗೆ ಹೋದರು.

ಹಿಂದೆ ಎರಡೂ ಕಡೆ ಸದಸ್ಯರಾಗಿರಬಹುದಿತ್ತು. 2003ರ ಕಾನೂನು ಅದನ್ನು ನಿಲ್ಲಿಸಿತು. ಡಾಯ್ಲ್‌ಗೆ ಗೆದ್ದರೆ ಕೌನ್ಸಿಲ್ ಸ್ಥಾನ ತೆರವಾಗುತ್ತದೆ, ಅದಕ್ಕೆ ಉಪಚುನಾವಣೆಯಿಲ್ಲ. ಕೌನ್ಸಿಲೇ ಇನ್ನೊಬ್ಬರನ್ನು ಸೇರಿಸಿಕೊಳ್ಳುತ್ತದೆ. ಊರಿನ ಕೆಲಸ ಗೊತ್ತಿರುವವರನ್ನು ಮೊದಲೇ ಜೊತೆಗೆ ತಿರುಗಿಸಿ ಸಿದ್ಧ ಮಾಡಿಟ್ಟಿರಿ.

ಸ್ಥಳೀಯ ಚುನಾವಣೆಯಲ್ಲಿ ಗೆದ್ದರೂ ಸೋತರೂ 90 ದಿನದೊಳಗೆ ಖರ್ಚು, ದೇಣಿಗೆಯ ಲೆಕ್ಕವನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು. ಈ ಚುನಾವಣೆಯ ಖರ್ಚು ವಾಪಸ್ ಸಿಗುವುದಿಲ್ಲ. ಠೇವಣಿ ಮಾತ್ರ, ಕೋಟಾದ ಕಾಲು ಭಾಗ ದಾಟಿದ್ದರೆ, ತಿರುಗಿ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಅದಕ್ಕೆ 501 ಮತ ಬೇಕು.