ಟ್ರಂಕಿನ ಫ್ಯಾಂಟಮ್‌ನನ್ನು ಮಳೆಗಾಲ ದಾಟಿಸುವ ಬಗೆ

ಹಳೆ ಮನೆಯ ಅಟ್ಟದಿಂದ ಇಳಿಸಿದ ಟ್ರಂಕಿನಲ್ಲಿ ಇಂದ್ರಜಾಲ ಕಾಮಿಕ್ಸ್‌ನ ಕಟ್ಟು ಸಿಕ್ಕಿತೆಂದರೆ ಮೊದಲು ಮೂಗಿಗೆ ತಾಗುವುದು ಕಮಟು ವಾಸನೆ. ಆಮೇಲೆ ಕಣ್ಣಿಗೆ ಬೀಳುತ್ತಾನೆ ಮುಖವಾಡದ ಫ್ಯಾಂಟಮ್, ಪಕ್ಕದಲ್ಲಿ ತೋಳ ಡೆವಿಲ್, ಹಿಂದೆ ಬಿಳಿ ಕುದುರೆ ಹೀರೋ. ಬಾಲ್ಯವೇ ಎದುರಿಗೆ ಬಂದು ಕೂತಂತಾಗಿ, ಕೈ ತನ್ನಷ್ಟಕ್ಕೇ ಪುಟ ತಿರುವಲು ಹೋಗುತ್ತದೆ. ಒಂದು ಗಳಿಗೆ ತಡೆಯಿರಿ. ಅಂಗಳದ ಬಿಸಿಲಿಗೆ ಹರವುವ ಯೋಚನೆಯನ್ನೂ ಬಿಡಿ. ಇಷ್ಟು ವರ್ಷ ಟ್ರಂಕಿನಲ್ಲಿ ಆಗದ ಹಾನಿ ಮೊದಲ ಅರ್ಧ ಗಂಟೆಯಲ್ಲಿ ಆಗಿಬಿಡಬಹುದು.

ಕೈಯಲ್ಲಿರುವುದು ಎಂಥ ವಸ್ತು ಎನ್ನುವುದು ಗೊತ್ತಿದ್ದರೆ ಮುಂದಿನ ಕೆಲಸ ಸುಲಭ. ಅಮೆರಿಕದ ಲೇಖಕ ಲೀ ಫಾಕ್ ಅವರ ಜಾದೂಗಾರ ಮಾಂಡ್ರೇಕ್ 1934ರಲ್ಲಿ, ಫ್ಯಾಂಟಮ್ 1936ರಲ್ಲಿ ಅಮೆರಿಕದ ದಿನಪತ್ರಿಕೆಗಳಲ್ಲಿ ಶುರುವಾದ ಚಿತ್ರಪಟ್ಟಿಗಳು. ದಿನಕ್ಕೆ ಮೂರು ನಾಲ್ಕು ಚೌಕವಾಗಿ ಬಂದ ಆ ಕಥೆಗಳನ್ನು ಪುಟಕ್ಕೆ ಹೊಂದಿಸಿ, ಬಣ್ಣ ತುಂಬಿ, ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಎಂಬ ಹೆಸರಲ್ಲಿ ಮಾರ್ಚ್ 1964ರಿಂದ ಮರುಮುದ್ರಿಸಿತು. ಫ್ಯಾಂಟಮ್ ಇರುವ ನಾಡು, ಮೂಲದ ಬೆಂಗಾಲಿ, ಇಲ್ಲಿ ಡೆಂಕಾಲಿಯಾಯಿತು, ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಕನ್ನಡದಲ್ಲೂ ಸಂಚಿಕೆಗಳು ಬಂದವು. 1976ರಲ್ಲಿ ಆಬಿದ್ ಸುರತಿ ಸೃಷ್ಟಿಸಿದ ಭಾರತೀಯ ನಾಯಕ ಬಹಾದೂರ್ ಸೇರಿಕೊಂಡ. 1990ಕ್ಕೆ ಮಾಲಿಕೆ ನಿಂತಿತು. ಮುಖಪುಟಗಳಿಗೆ ಬಿ. ಗೋವಿಂದ್ ಅವರಂಥ ಕಲಾವಿದರ ಕೈ ಇತ್ತು, ಒಳಪುಟಗಳಿಗೆ ಮಾತ್ರ ಅಗ್ಗದ ಕಾಗದ. ಮರದ ತಿರುಳನ್ನು ಅರೆದು ಮಾಡಿದ ಇಂಥ ಕಾಗದದಲ್ಲಿ ಮರದ ಎಳೆಗಳನ್ನು ಬೆಸೆಯುವ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಗೆ ತಿರುಗಿ, ಆಮ್ಲ ಹುಟ್ಟಿ, ಅಂಚು ಹಪ್ಪಳದಂತೆ ಮುರಿಯತೊಡಗುತ್ತದೆ. ಒಮ್ಮೆ ಬಂದ ಹಳದಿಯನ್ನು ಮನೆಯಲ್ಲಿ ತೆಗೆಯಲಾಗದು. ಬ್ಲೀಚು, ನಿಂಬೆರಸ, ಬಿಸಿಲು ಎಲ್ಲವೂ ಕಾಗದವನ್ನು ಇನ್ನಷ್ಟು ಬೇಗ ಸಾಯಿಸುತ್ತವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇವುಗಳ ದೊಡ್ಡ ವೈರಿ ವಯಸ್ಸಿಗಿಂತ ಮಳೆಗಾಲದ ಗಾಳಿ. ಕಾರವಾರದಿಂದ ಭಟ್ಕಳದವರೆಗೆ ಕಡಲ ಉಪ್ಪು ಸೇರಿದ ತೇವ, ಶಿರಸಿ ಸಿದ್ದಾಪುರದ ಕಡೆ ವಾರಗಟ್ಟಲೆ ಬಿಸಿಲೇ ಕಾಣದ ಆಶ್ಲೇಷಾ ಮಳೆ. ಗಾಳಿಯ ತೇವಾಂಶ ಶೇ 65 ದಾಟಿತೆಂದರೆ ಬೂಷ್ಟಿಗೆ ಬಾಗಿಲು ತೆರೆದ ಹಾಗೆ. ಜುಲೈಯಲ್ಲಿ ಇಲ್ಲಿ ದಿನಗಟ್ಟಲೆ ಶೇ 85ರ ಮೇಲೇ ಇರುತ್ತದೆ. ಹಾಗಾಗಿ ಪೆಟ್ಟಿಗೆಯೊಳಗಿನ ಗಾಳಿಯನ್ನು ಒಣಗಿಸಿಡುವುದೇ ಮುಖ್ಯ ಕೆಲಸ. ಹೊಲಿಗೆ, ತೇಪೆ ಎಲ್ಲ ಆಮೇಲೆ.

ಮೊದಲ ದಿನ

ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಕಟ್ಟಿನ ಸುತ್ತ ಸುತ್ತಿದ ದಾರವನ್ನು ಎಳೆಯದೆ ಕತ್ತರಿಸಿ. ಎಳೆದರೆ ಅಂಚು ಸೀಳುತ್ತದೆ. ಒಂದೊಂದೇ ಸಂಚಿಕೆಯನ್ನು ಬೆನ್ನಿನ ಕೆಳಗೆ ಅಂಗೈ ಕೊಟ್ಟು ಎತ್ತಿ, ಬಿಳಿ ಹಾಳೆಯ ಮೇಲಿಡಿ. ಹಾಳೆಯ ಮೇಲೆ ಮೆಣಸಿನ ಪುಡಿಯಂಥ ಕರಿ ಕಣ ಉದುರಿದರೆ ಹುಳ ಇದೆ ಎಂದರ್ಥ. ಕಾಗದದ ಮೇಲ್ಪದರ ಕೆರೆದಂತಿದ್ದರೆ ಬೆಳ್ಳಿಹುಳ, ಒಳಗೆ ಮಣ್ಣಿನ ಸುರಂಗ ಕಂಡರೆ ಒರಲೆ (ಗೆದ್ದಲು). ಒರಲೆ ಕಂಡರೆ ಪುಸ್ತಕಕ್ಕಿಂತ ಮೊದಲು ಗೋಡೆ, ಕಪಾಟು ನೋಡಿ. ಮೂಲ ಅಲ್ಲಿರುತ್ತದೆ.

ಬೂಷ್ಟು ಹಿಡಿದದ್ದನ್ನು ಬೇರೆ ಮಾಡಿ. ಮೃದುವಾದ ಕುಂಚದ ತುದಿಯಿಂದ ಮುಟ್ಟಿದಾಗ ಮೆತ್ತಿಕೊಂಡರೆ ಅದು ಇನ್ನೂ ಜೀವಂತ, ಪುಡಿಯಾಗಿ ಉದುರಿದರೆ ಒಣಗಿದೆ. ಜೀವಂತ ಇದ್ದರೆ ನೆರಳಲ್ಲಿ, ಫ್ಯಾನಿನ ಗಾಳಿ ನೇರ ತಾಗದ ಹಾಗೆ ಎರಡು ಮೂರು ದಿನ ಒಣಗಲು ಬಿಡಿ. ಆಮೇಲೆ ಜಗಲಿಗೆ ಒಯ್ದು, ಎನ್‌95 ಮಾಸ್ಕ್ ಹಾಕಿ, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ, ಬೆನ್ನಂಚಿನಿಂದ ಹೊರಕ್ಕೆ ಕುಂಚ ಆಡಿಸಿ. ಒದ್ದೆ ಬಟ್ಟೆ ಬೇಡವೇ ಬೇಡ. ಬೂಷ್ಟು ಕಾಗದದ ಎಳೆಯೊಳಗೆ ಇಳಿದು ಕಲೆಯಾಗಿ ಕೂತರೆ ಮತ್ತೆ ಹೋಗದು.

ಹುಳಕ್ಕೆ ಕರಾವಳಿಯವರ ಕೈಯಲ್ಲೇ ಒಳ್ಳೆಯ ಮದ್ದಿದೆ. ಮೀನಿಗೆಂದು ಇಟ್ಟುಕೊಂಡ ಡೀಪ್ ಫ್ರೀಜರ್ ಮೈನಸ್ 18 ಡಿಗ್ರಿಗೆ ಇಳಿಯುತ್ತದೆ ಎಂದಾದರೆ, ಐದೈದು ಸಂಚಿಕೆಯನ್ನು ಎರಡು ಪದರ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ, ಬಾಯಿಗೆ ಟೇಪು ಸುತ್ತಿ ಎರಡು ವಾರ ಇಡಿ. ಮೊಟ್ಟೆಗಳೂ ಸಾಯಬೇಕಾದರೆ ಅಷ್ಟು ದಿನ ಬೇಕು. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ತಣ್ಣಗಿನ ಕಾಗದಕ್ಕೆ ಕರಾವಳಿಯ ಗಾಳಿ ತಾಗಿದರೆ ಮುಖಪುಟದ ಮೇಲೆ ನೀರು ಹನಿಗಟ್ಟುತ್ತದೆ. ಇಲ್ಲಿ ಎಡವುವವರು ಬಹಳ. ಸಾಮಾನ್ಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಇದಕ್ಕೆ ಸಾಲದು. ಬೂಷ್ಟಂತೂ ಶೀತಕ್ಕೆ ಸಾಯುವುದಿಲ್ಲ, ಮಲಗುತ್ತದೆ ಅಷ್ಟೆ.

ತುಕ್ಕು ಹಿಡಿದ ಪಿನ್ನು

ಕಾರವಾರ, ಅಂಕೋಲಾ, ಕುಮಟಾ ಕಡೆಯ ಪ್ರತಿಗಳಲ್ಲಿ ಹೆಚ್ಚು ಕಾಣುವ ಕಾಯಿಲೆ ಇದು. ಬೆನ್ನಿನ ಎರಡು ಪಿನ್ನಿನ ಸುತ್ತ ಕೆಂಪು ಕಲೆ, ನಡುವಿನ ಹಾಳೆ ಕಳಚಿ ಕೈಗೆ ಬರುವುದು. ತುಕ್ಕು ಕಾಗದವನ್ನು ಸುಡುತ್ತಲೇ ಹೋಗುವುದರಿಂದ ಪಿನ್ನು ತೆಗೆಯಲೇಬೇಕು. ಪಿನ್ನು ಕೀಳುವ ಇಕ್ಕಳದಿಂದ ಹೊರಗಿನಿಂದ ಎಳೆದರೆ ಮುಖಪುಟ ತೂತಾಗುತ್ತದೆ. ಸಂಚಿಕೆಯನ್ನು ನಡುಪುಟಕ್ಕೆ ಬಿಚ್ಚಿ, ಒಳಗೆ ಮಡಚಿಕೊಂಡ ಪಿನ್ನಿನ ಕಾಲಿನ ಕೆಳಗೆ ಮೊದಲು ತೆಳು ಪ್ಲಾಸ್ಟಿಕ್ ಹಾಳೆಯ ಚೂರು ತೂರಿಸಿ, ಅದರ ಮೇಲೆ ಮೊಂಡಾದ ತೆಳು ಚಾಕುವಿನಿಂದ ಕಾಲನ್ನು ನೆಟ್ಟಗೆ ಎಬ್ಬಿಸಿ. ನಾಲ್ಕೂ ಕಾಲು ನೆಟ್ಟಗಾದ ಮೇಲೆ ಹೊರಗಿನಿಂದ ಮೆಲ್ಲಗೆ ಈಚೆಗೆ ತನ್ನಿ. ತುಕ್ಕು ಮೆತ್ತಿಕೊಂಡು ಬಾರದಿದ್ದರೆ ಕಾಲನ್ನು ಸಣ್ಣ ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ತೆಗೆಯಬಹುದು.

ಹೊಸ ಪಿನ್ನು ಹೊಡೆಯುವುದಕ್ಕಿಂತ ಹಳೆಯ ನಾಲ್ಕು ತೂತುಗಳಲ್ಲೇ ಬಿಳಿ ಹತ್ತಿ ದಾರದಿಂದ ಹೊಲಿಯುವುದು ಈ ಹವೆಗೆ ಮೇಲು. ನಡುವಿನ ಒಂದು ತೂತಿನಲ್ಲಿ ಒಳಗಿನಿಂದ ಹೊರಕ್ಕೆ ಸೂಜಿ ತೂರಿಸಿ, ನಾಲ್ಕು ತೂತು ಸುತ್ತಿ ಬಂದು ಒಳಗಡೆಯೇ ಗಂಟು ಹಾಕಿ. ದಾರ ಬಿಗಿದು ಎಳೆದರೆ ಮಡಿಕೆ ಸೀಳುತ್ತದೆ, ಹಾಳೆ ಅಲುಗಾಡದಷ್ಟು ಸಾಕು. ಹೊಲಿಯುವ ಮುಂಚೆ ಪುಟ ಎಣಿಸಿಕೊಳ್ಳಿ. ಒಂದು ಹಾಳೆ ಮಡಚಿದರೆ ನಾಲ್ಕು ಪುಟ, ಹಾಗಾಗಿ ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. ಆಗದಿದ್ದರೆ ಎಲ್ಲೋ ಅರ್ಧ ಹಾಳೆ ಹರಿದುಹೋಗಿದೆ.

ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚಬೇಡಿ. ಅದರ ಅಂಟು ಕೆಲವು ವರ್ಷಕ್ಕೆ ಜೇನಿನ ಬಣ್ಣಕ್ಕೆ ತಿರುಗಿ, ಎದುರಿನ ಪುಟಕ್ಕೂ ಇಳಿಯುತ್ತದೆ. ಹಿಂದೆ ಯಾರೋ ಹಚ್ಚಿದ ಟೇಪು ಗಟ್ಟಿಯಾಗಿ ಕೂತಿದ್ದರೆ ಹಾಗೇ ಬಿಡಿ, ಕಿತ್ತರೆ ಬಣ್ಣವೂ ಬರುತ್ತದೆ. ಸೀಳಿಗೆ ಬೇಕಾದದ್ದು ತೆಳು ಜಪಾನಿ ಟಿಶ್ಯೂ ಕಾಗದದ ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿ ಮತ್ತು ಮೀಥೈಲ್ ಸೆಲ್ಯುಲೋಸ್ ಅಂಟು. 100 ಮಿಲಿಲೀಟರ್ ನೀರಿಗೆ 3-4 ಗ್ರಾಂ ಪುಡಿ. ಅರ್ಧ ನೀರನ್ನು ಬಿಸಿ ಮಾಡಿ ಪುಡಿ ಉದುರಿಸಿ ಕದಡಿ, ಉಳಿದರ್ಧ ತಣ್ಣೀರು ಸೇರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಜೇನಿನಷ್ಟು ಮಂದವಾಗಿರುತ್ತದೆ. ಪಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸದೆ ಕೈಯಿಂದ ಹರಿಯಿರಿ. ಜೂಲಾದ ಅಂಚು ಕಾಗದದೊಳಗೆ ಬೆರೆತುಹೋಗುತ್ತದೆ. ತೆಳ್ಳಗೆ ಅಂಟು ಹಚ್ಚಿ, ಸೀಳಿನ ಮೇಲಿಟ್ಟು, ಮೇಲೊಂದು ಕೆಳಗೊಂದು ಬೆಣ್ಣೆ ಕಾಗದ, ಅದರಾಚೆ ಒತ್ತುಕಾಗದ (ಬ್ಲಾಟಿಂಗ್ ಪೇಪರ್) ಕೊಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ.

ಮೈದಾ ಅಂಟಿನ ಮೋಹ ಬೇಡ. ಬೆಳ್ಳಿಹುಳಕ್ಕೂ ಬೂಷ್ಟಿಗೂ ಅದು ಹಬ್ಬದೂಟ. ಹುಳ ಬಾರದಿರಲೆಂದು ಬೈಂಡಿಂಗಿನವರು ಅದಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುವುದುಂಟು. ಶಿರಸಿ ಕಡೆಯ ತೋಟಿಗರ ಮನೆಗಳಲ್ಲಿ ಸಾಮಾನ್ಯವಾಗಿ ಅಡಿಕೆಯ ಕೊಳೆರೋಗದ ಮದ್ದಿಗೆಂದು ಮೈಲುತುತ್ತ ಇರುವುದರಿಂದ ಈ ಉಪಾಯ ಸುಲಭವಾಗಿ ತೋರುತ್ತದೆ. ಆದರೆ ತಾಮ್ರದ ಅಂಶ ಆಮ್ಲಭರಿತ ಕಾಗದ ಶಿಥಿಲವಾಗುವುದನ್ನು ಚುರುಕುಗೊಳಿಸುತ್ತದೆ. ಗೊನೆಗೆ ಒಳ್ಳೆಯದು, ಪುಟಕ್ಕೆ ಕೆಟ್ಟದ್ದು.

ಪೆಟ್ಟಿಗೆ

ಕಾಲ ಮುಖ್ಯ. ಪೆಟ್ಟಿಗೆ ತುಂಬಬೇಕಾದದ್ದು ಜನವರಿ, ಫೆಬ್ರವರಿಯ ಒಣಹವೆಯಲ್ಲಿ, ಅಡಿಕೆ ಒಣಗುವ ದಿನಗಳಲ್ಲಿ. ಕಾಗದ ಗಾಳಿಯ ತೇವವನ್ನು ಹೀರಿಕೊಂಡೇ ಇರುತ್ತದೆ. ತೇವಾಂಶ ಶೇ 50ರಷ್ಟಿರುವ ಗಾಳಿಯಲ್ಲಿ ತನ್ನ ತೂಕದ ಶೇ 6-7ರಷ್ಟು, ಮಳೆಗಾಲದಲ್ಲಿ ಅದರ ಸುಮಾರು ಇಮ್ಮಡಿ. ಐದು ಕಿಲೋ ಕಾಮಿಕ್ಸ್ ಎಂದರೆ ಈ ಎರಡರ ನಡುವಿನ ವ್ಯತ್ಯಾಸ ಹೆಚ್ಚುಕಮ್ಮಿ 300 ಗ್ರಾಂ ನೀರು. ತೇವ ಹೀರುವ ಹರಳು ಸಿಲಿಕಾ ಜೆಲ್ ಅರ್ಧ ಕಿಲೋ ಇಟ್ಟರೂ ಅಷ್ಟನ್ನು ಹೀರಲಾರದು. ಜುಲೈಯಲ್ಲಿ ತುಂಬಿ, ಜೆಲ್ ಹಾಕಿದ್ದೇವೆ ಎಂದು ನೆಮ್ಮದಿಯಿಂದಿದ್ದವರ ಪೆಟ್ಟಿಗೆಯಲ್ಲಿ ಬೂಷ್ಟು ಹುಟ್ಟುವುದಕ್ಕೆ ಇದೇ ಕಾರಣ. ಒಣಹವೆಯಲ್ಲಿ ತುಂಬಿದರೆ ಅದೇ ಅರ್ಧ ಕಿಲೋ ಇಡೀ ಮಳೆಗಾಲ ಕಾಯುತ್ತದೆ.

ಮುಚ್ಚಳಕ್ಕೆ ರಬ್ಬರ್ ಪಟ್ಟಿ, ನಾಲ್ಕು ಕಡೆ ಕ್ಲಿಪ್ಪು ಇರುವ 30-40 ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆ ತನ್ನಿ. ಕಬ್ಬಿಣದ ಟ್ರಂಕಿಗೆ ಭಾವನೆಯ ಬೆಲೆ ಎಷ್ಟೇ ಇರಲಿ, ಅದರ ಮುಚ್ಚಳದ ಸಂದಿನಲ್ಲಿ ಗಾಳಿ ಓಡಾಡುತ್ತದೆ, ತಂಪಾದ ರಾತ್ರಿ ಒಳಗೋಡೆ ಬೆವರುತ್ತದೆ. ಪ್ರತಿ ಸಂಚಿಕೆಗೂ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲ, ಅಗಲಕ್ಕೆ 1 ಸೆಂಟಿಮೀಟರ್, ಉದ್ದಕ್ಕೆ 4 ಸೆಂಟಿಮೀಟರ್ ಹೆಚ್ಚಿರಲಿ. ಚೀಲದ ಬಾಯಿಯನ್ನು ಮಡಚಿ ಬಿಡಿ, ಅಂಟಿಸಬೇಡಿ. ಮೂಗಿಗೆ ಹೊಸ ರೇನ್‌ಕೋಟಿನ ವಾಸನೆ ಬರುವ ಮೆತ್ತನೆಯ ಪಿವಿಸಿ ಚೀಲ ಮುಖಪುಟದ ಶಾಯಿಗೆ ಅಂಟಿಕೊಳ್ಳುತ್ತದೆ, ಅದನ್ನು ತರಬೇಡಿ. ಹಿಂದೆ ಆಸರೆಗೆ ಬೂದು ರಟ್ಟು ಕೊಟ್ಟರೆ ಅದರ ಆಮ್ಲ ಪುಟಕ್ಕೆ ಏರುತ್ತದೆ. ಆಮ್ಲರಹಿತ ಬೋರ್ಡು ಸಿಗದಿದ್ದರೆ ಒಳ್ಳೆಯ ಜೆರಾಕ್ಸ್ ಹಾಳೆ ನಾಲ್ಕೈದು ಸೇರಿಸಿ ಕೊಡಬಹುದು. ಹಾಳೆಯಲ್ಲಿ ಸುಣ್ಣದ ಅಂಶ ಇದೆಯೇ ಎಂದು ನೋಡಲು ಒಂದು ಚೂರಿನ ಮೇಲೆ ವಿನೆಗರ್ ಹನಿಸಿ, ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಗುಳ್ಳೆ ಎದ್ದರೆ ಇದೆ.

ಸಂಚಿಕೆಗಳನ್ನು ಮಲಗಿಸಿ, ಐದೈದಕ್ಕೊಮ್ಮೆ ಬೆನ್ನಿನ ದಿಕ್ಕು ಬದಲಿಸುತ್ತ ಪೇರಿಸಿ. ಇಲ್ಲದಿದ್ದರೆ ಬೆನ್ನಿನ ಕಡೆ ಉಬ್ಬಿ ಮೇಲಿನವು ಬಾಗುತ್ತವೆ. ಇಪ್ಪತ್ತಕ್ಕಿಂತ ಹೆಚ್ಚು ಒಂದರ ಮೇಲೊಂದು ಬೇಡ. ಜೆಲ್ಲನ್ನು ಹತ್ತಿ ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿಡಿ, ಕಾಗದಕ್ಕೆ ತಾಗಿಸಬೇಡಿ. ಬಣ್ಣ ಬದಲಾಗುವ ಕಿತ್ತಳೆ ಹರಳು ಕೊಂಡರೆ ಯಾವಾಗ ತುಂಬಿತೆಂದು ತಿಳಿಯುತ್ತದೆ. ತುಂಬಿದ ಜೆಲ್ಲನ್ನು ಒಲೆಯ ಸಣ್ಣ ಉರಿಯಲ್ಲಿ ಹಳೆ ಬಾಣಲೆಗೆ ಹಾಕಿ, ಬಣ್ಣ ಮರಳುವವರೆಗೆ ಕೈಯಾಡಿಸಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಉರಿ ಜೋರಾದರೆ ಹರಳು ಕಪ್ಪಾಗಿ ಕೆಲಸಕ್ಕೆ ಬಾರದಾಗುತ್ತದೆ.

ಜೊತೆಗೊಂದು ಸಣ್ಣ ತೇವಮಾಪಕ ಇಡಿ, ಆದರೆ ಅದರ ಅಂಕಿಯನ್ನು ಪರೀಕ್ಷಿಸದೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಹಸಿ ಮರಳಿನ ಹಾಗಾಗುವಷ್ಟು ನೀರು ಹನಿಸಿ, ಮಾಪಕದೊಂದಿಗೆ ಜಿಪ್ ಚೀಲದಲ್ಲಿ 12 ಗಂಟೆ ಮುಚ್ಚಿಡಿ. ಶೇ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಯಾವಾಗಲೂ 5 ಕಳೆದು ಓದಿ. ಇದಕ್ಕೆ ಪ್ಯಾಕೆಟಿನ ಪುಡಿ ಉಪ್ಪೇ ಆಗಬೇಕು. ಗೋಕರ್ಣ ಹತ್ತಿರದ ನಮ್ಮ ಸಾಣಿಕಟ್ಟೆಯ ಹರಳುಪ್ಪಿನಲ್ಲಿ ಮೆಗ್ನೀಷಿಯಂ ಲವಣಗಳೂ ಇರುವುದರಿಂದ ಅಂಕಿ ಕೆಳಗೆ ಜಾರುತ್ತದೆ. ಮಳೆಗಾಲದಲ್ಲಿ ಆ ಉಪ್ಪು ಮರಿಗೆಯಲ್ಲೇ ನೀರೊಡೆಯುವುದೂ ಇದರಿಂದಲೇ. ಪೆಟ್ಟಿಗೆಯೊಳಗೆ ಶೇ 45ರಿಂದ 55 ಇದ್ದರೆ ಒಳ್ಳೆಯದು, 60 ಮುಟ್ಟಿದರೆ ಜೆಲ್ ಬದಲಿಸಿ. 30ಕ್ಕಿಂತ ಕೆಳಗಿಳಿದರೆ ಕಾಗದ ಪೆಡಸಾಗುತ್ತದೆ.

ಪೆಟ್ಟಿಗೆಯನ್ನು ಪಡುವಣ ಗೋಡೆಗೆ ತಾಗಿಸಬೇಡಿ, ಮಳೆಗಾಳಿ ಹೊಡೆದು ಆ ಗೋಡೆ ಒಳಗೂ ನೆನೆಯುತ್ತದೆ. ನೆಲದಿಂದ ಒಂದು ಗೇಣು ಮೇಲೆ, ಒಳಗಿನ ಕೋಣೆಯ ಕಪಾಟಿನಲ್ಲಿಡಿ. ಹೆಂಚಿನ ಅಟ್ಟದಲ್ಲಿ ಸೋರಿಕೆ, ಇಲಿ, ಬೇಸಗೆಯ ಕಾವು ಮೂರೂ ಇವೆ. ನುಸಿಗುಳಿಗೆ ಉಸಿರಿಗೆ ಒಳ್ಳೆಯದಲ್ಲ, ವಾಸನೆಯೂ ವರ್ಷಗಟ್ಟಲೆ ಬಿಡದು. ಬೇವಿನ ಎಲೆ ತಾನೇ ತೇವ ಬಿಟ್ಟು ಪುಟಕ್ಕೆ ಕಲೆ ಮಾಡುತ್ತದೆ.

ನೆನೆದರೆ

2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಉಕ್ಕಿದಾಗಿನಂತೆ ನೀರು ಮನೆಯೊಳಗೇ ಬಂದರೆ 48 ಗಂಟೆಯೊಳಗೆ ಕೆಲಸ ಮುಗಿಯಬೇಕು, ಆಮೇಲೆ ಬೂಷ್ಟಿನದೇ ರಾಜ್ಯ. ನೆನೆದ ಸಂಚಿಕೆಯ ಪುಟಗಳನ್ನು ಒಂದೊಂದಾಗಿ ಬಿಡಿಸಲು ಹೋಗಬೇಡಿ. ಮುಚ್ಚಿದ ಹಾಗೇ ಅಂಗೈಯಿಂದ ಮೆಲ್ಲಗೆ ಒತ್ತಿ ನೀರಿಳಿಸಿ, ಮೊದಲು ಮುಖಪುಟದ ಒಳಗಡೆ ಒಂದು ಒತ್ತುಕಾಗದ ಸೇರಿಸಿ. ನುಣುಪಾದ ಮುಖಪುಟ ಒಣಗುತ್ತ ಅಂಟಿಕೊಂಡರೆ ಮತ್ತೆ ಬಿಡದು. ಆಮೇಲೆ ನಾಲ್ಕೈದು ಹಾಳೆಗೊಂದರಂತೆ ಅಚ್ಚಿಲ್ಲದ ಕಾಗದ ಇಟ್ಟು ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ಅಚ್ಚಾದ ದಿನಪತ್ರಿಕೆ ಇಟ್ಟರೆ ಅದರ ಶಾಯಿ ಇಲ್ಲಿಗೆ ಇಳಿಯುತ್ತದೆ. ರಾಶಿ ದೊಡ್ಡದಿದ್ದರೆ ಕೈಲಾದಷ್ಟು ಒಣಗಿಸಿ, ಉಳಿದದ್ದನ್ನು ಚೀಲದಲ್ಲಿ ಫ್ರೀಜರಿಗೆ ಹಾಕಿ, ದಿನಕ್ಕೆ ಐದರಂತೆ ತೆಗೆದುಕೊಳ್ಳಬಹುದು.

ಕೊಳ್ಳುವವರಿಗೆ

ಇಂದ್ರಜಾಲದ ಕನ್ನಡ ಪ್ರತಿ ಸಿಗುವುದು ಅಪರೂಪವಾದ್ದರಿಂದ ಜೆರಾಕ್ಸ್ ಮುಖಪುಟ ಹೊಲಿದ ಪ್ರತಿಗಳೂ ಕೈಗೆ ಬರುತ್ತವೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಹಾಯಿಸಿ. ಈಗಿನ ಬಿಳಿ ಹಾಳೆ ನೀಲಿಯಾಗಿ ಹೊಳೆಯುತ್ತದೆ, ಹಳೆಯ ಕಾಗದ ಹೆಚ್ಚಾಗಿ ಮಂಕಾಗೇ ಉಳಿಯುತ್ತದೆ. ಭೂತಗನ್ನಡಿಯಲ್ಲಿ ಮೂಲ ಅಚ್ಚಿನ ಬಣ್ಣ ಸಾಲುಸಾಲು ಚುಕ್ಕಿಯಾಗಿ ಕಾಣಬೇಕು. ಬಾಡಿಗೆ ವಾಚನಾಲಯದ ಮೊಹರು, ಒಳಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಹೆಸರು ಇದ್ದರೆ ಉಜ್ಜಿ ತೆಗೆಯಬೇಡಿ. ಆ ಪ್ರತಿ ಯಾವ ಊರಿನ ಯಾವ ಕೈಗಳನ್ನು ದಾಟಿ ಬಂತು ಎಂಬುದಕ್ಕೆ ಉಳಿದಿರುವ ಗುರುತು ಅದೊಂದೇ. ಐದಾರು ಸಂಚಿಕೆ ಸೇರಿಸಿ ಬೈಂಡ್ ಮಾಡಿಸಿದ್ದು ಸಿಕ್ಕರೆ, ಬೈಂಡು ಗಟ್ಟಿಯಿದ್ದರೆ ಬಿಚ್ಚದೆ ಇಡಿ.

ಸ್ಕ್ಯಾನ್ ಮಾಡುವಾಗ 400 ಡಿಪಿಐ ಸಾಕು. ಪುಟದ ಹಿಂದೆ ಕಪ್ಪು ಕಾಗದ ಇಟ್ಟರೆ ಆಚೆ ಬದಿಯ ಚಿತ್ರ ತೋರುವುದಿಲ್ಲ. ಮಕ್ಕಳಿಗೆ ಓದಲು ಆ ಪ್ರತಿಯನ್ನು ಕೊಡಿ. ಅಸಲು ಕೇಳಿದರೆ, ಎರಡೆರಡು ಇರುವ ಸಂಚಿಕೆಗಳಲ್ಲಿ ಹೆಚ್ಚು ಹರಿದದ್ದನ್ನು ಆರಿಸಿ, ಮೇಜಿನ ಮೇಲಿಟ್ಟು, ಎರಡೂ ಬದಿಗೆ ಮಡಚಿದ ಟವೆಲ್ ಆಸರೆ ಕೊಟ್ಟು, ಪೂರ್ತಿ ಚಪ್ಪಟೆಯಾಗದಂತೆ ಬಿಚ್ಚಿ ಕೊಡಿ. ಪುಟವನ್ನು ಕೆಳಮೂಲೆಯಿಂದ ಎಳೆಯದೆ, ಮೇಲಂಚಿನ ನಡುವಿನಿಂದ ತಿರುವಲು ಹೇಳಿಕೊಡಿ.