ಬಾಡಿಗೆಗೆ ಕೊಡೋಕೆ ಮನೆ ಕೊಳ್ತೀರಾ? ಹತ್ತೇ ತಿಂಗಳ ಲೆಕ್ಕ ಹಾಕಿ

ಧಾರವಾಡದ ಸಪ್ತಾಪುರದ ಹತ್ತಿರ ಮನೆ ಕೊಂಡಾಗ ನನ್ನ ಲೆಕ್ಕ ಸರಳ ಇತ್ತು. ಕೋಚಿಂಗ್ ಕ್ಲಾಸಿಗೆ ಬರುವ ಹುಡುಗರಿಗೇನು ಕೊರತೆ, ಹನ್ನೆರಡು ತಿಂಗಳೂ ಬಾಡಿಗೆ ಬರುತ್ತದೆ ಅಂದುಕೊಂಡೆ. ಪರೀಕ್ಷೆ ಮುಗಿಯಿತು, ಹುಡುಗರು ಊರಿಗೆ ಹೋದರು, ಮೊದಲ ವರ್ಷವೇ ಎರಡು ತಿಂಗಳು ಮನೆಗೆ ಬೀಗ.

ಹಾಗಾಗಿ ಮೊದಲು ರೊಕ್ಕದ ಲೆಕ್ಕ. 40 ಲಕ್ಷದ ಮನೆಗೆ ತಿಂಗಳಿಗೆ 10 ಸಾವಿರ ಬಾಡಿಗೆ ಅಂದುಕೊಳ್ಳಿ. ಹತ್ತು ತಿಂಗಳಿಗೆ 1 ಲಕ್ಷ. ಪಾಲಿಕೆ ತೆರಿಗೆ, ಬಣ್ಣ, ಮೋಟಾರ್ ರಿಪೇರಿ ಅಂತ 20 ಸಾವಿರ ಹೋದರೆ ಉಳಿಯುವುದು 80 ಸಾವಿರ, ಅಂದರೆ ನೂರಕ್ಕೆ 2 ರೂಪಾಯಿ. ಸಾಲ ಮಾಡಿ ಕೊಂಡರೆ ಬಡ್ಡಿಗೂ ಸಾಲದು. ಮುಂದೆ ಜಾಗದ ಬೆಲೆ ಏರುತ್ತದೆ ಅನ್ನುವ ನಂಬಿಕೆ ಇದ್ದರಷ್ಟೇ ಕೈ ಹಾಕಿ. ಆದಾಯ ತೆರಿಗೆಯಲ್ಲಿ ಮಾತ್ರ ಸ್ವಲ್ಪ ಉಸಿರಾಡಬಹುದು: ನೀವು ಕಟ್ಟಿದ ಪಾಲಿಕೆ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ರಷ್ಟನ್ನು ಬಿಲ್ ಕೇಳದೆ ಬಿಟ್ಟುಕೊಡುತ್ತಾರೆ.

ಆಮೇಲೆ ಮನೆ ನೋಡುವುದು. ಹುಬ್ಬಳ್ಳಿಯ ಪೂರ್ವ ದಿಕ್ಕಿಗೆ, ಗದಗದ ಕಡೆಗೆ ಹೋದಂತೆಲ್ಲ ಎರೆ ನೆಲ, ಅಂದರೆ ಕಪ್ಪು ಮಣ್ಣಿನ ನೆಲ ಜಾಸ್ತಿ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಬುನಾದಿ ಗಟ್ಟಿ ಇಲ್ಲದಿದ್ದರೆ ಗೋಡೆಯೂ ಅದರ ಜೊತೆಗೇ ಬಿರಿಯುತ್ತದೆ. ಹೊಸದಾಗಿ ಬಣ್ಣ ಹೊಡೆದ ಹಳೆ ಮನೆ ಕಂಡರೆ ಒಬ್ಬ ಗೌಂಡಿಯನ್ನು ಕರೆದುಕೊಂಡು ಹೋಗಿ. ಉತಾರ, ಇ-ಖಾತಾ (ಮನೆ ಯಾರ ಹೆಸರಲ್ಲಿದೆ ಅನ್ನುವ ದಾಖಲೆಗಳು), ಇಸಿ (ಮನೆಯ ಮೇಲೆ ಸಾಲ, ಋಣ ಇದೆಯೇ ಅಂತ ತೋರಿಸುವ ಪತ್ರ) ಎಲ್ಲ ವಕೀಲರ ಕೈಗೆ ಕೊಡಿ.

ಇನ್ನು ನೀರು. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು, ಉಳಿದವರು ದಿನಗಟ್ಟಲೆ ಕಾಯಬೇಕು. ಇದನ್ನು ಏಜೆಂಟರ ಹತ್ತಿರ ಕೇಳಬೇಡಿ. ಪಕ್ಕದ ಮನೆಯ ಬಾಗಿಲಲ್ಲಿ ನಿಂತು "ಅಕ್ಕಾರ, ನಳ ಎಷ್ಟು ದಿನಕ್ಕೊಮ್ಮೆ ಬರ್ತದ್ರಿ?" ಅಂತ ಕೇಳಿ, ನಿಜ ಗೊತ್ತಾಗುತ್ತದೆ. ಸಂಪ್ ಚಿಕ್ಕದಿದ್ದರೆ ಮೊದಲೇ ದೊಡ್ಡದು ಮಾಡಿಸಿ, ಯಾಕಂದ್ರೆ ನೀರು ಖಾಲಿಯಾದ ರಾತ್ರಿ ಬಾಡಿಗೆಯವರ ಫೋನ್ ಬರುವುದು ನಿಮಗೇ, ಪಾಲಿಕೆಗಲ್ಲ.

ಕರೆಂಟಿಗೆ ಮಾಳಿಗೆಗೊಂದು, ಕೆಳಗೊಂದು ಬೇರೆ ಬೇರೆ ಮೀಟರ್ ಇರಲಿ. ನಾನು ಒಂದೇ ಮೀಟರಿನಲ್ಲಿ ಸುಮ್ನೆ ಹಂಚಿಕೊಳ್ಳೋಣ ಅಂದಿದ್ದೆ. ಎರಡೂ ಮನೆಯದು ಸೇರಿ 200 ಯೂನಿಟ್ ದಾಟಿತು, ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಕೈತಪ್ಪಿ ಪೂರ್ತಿ ಬಿಲ್ ಬಂತು, ಫ್ರಿಜ್ ಯಾರದು ಅನ್ನುವುದರಿಂದ ಜಗಳ ಶುರುವಾಯಿತು. ಬೇರೆ ಮೀಟರ್ ಇದ್ದರೆ ಬಾಡಿಗೆಯವರೇ ತಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಬಹುದು. ಬಿಟ್ಟು ಹೋಗುವಾಗ ಆ ಜೋಡಣೆ ತೆಗೆಸಿಬಿಡಿ, ಇಲ್ಲದಿದ್ದರೆ ಮುಂದಿನವರಿಗೆ ತೊಂದರೆ.

ಕರಾರು ಪತ್ರ ಪರಿಚಯದವರಾದರೂ ಬೇಕು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುವುದು. ಅದರಲ್ಲಿ ಡಿಪಾಸಿಟ್ ಎಷ್ಟು, ಬಿಡುವ ಮುನ್ನ ಎಷ್ಟು ದಿನ ಮೊದಲು ಹೇಳಬೇಕು, ಮೋಟಾರ್ ಕೆಟ್ಟರೆ ಯಾರ ಖರ್ಚು, ಎಷ್ಟು ಜನ ಇರಬಹುದು ಅನ್ನುವುದು ಬರಲಿ. ಈ ಕೊನೆಯದನ್ನು ನಾನು ಬರೆಸಿರಲಿಲ್ಲ. ಮೂವರು ಹುಡುಗರಿಗೆ ಕೊಟ್ಟ ಮನೆಯಲ್ಲಿ ಒಂದು ಭಾನುವಾರ ಹೋಗಿ ನೋಡಿದರೆ ಬಾಗಿಲಲ್ಲಿ ಏಳು ಜೊತೆ ಚಪ್ಪಲಿ!

ಕೀಲಿ ಕೊಡುವ ದಿನ ಇಬ್ಬರೂ ನಿಂತು ಗೋಡೆ, ನಳ, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದುಕೊಳ್ಳಿ. ಬಿಡುವ ದಿನ ಅದೇ ಫೋಟೋ ಎದುರಿಗೆ ಇಟ್ಟುಕೊಂಡು ಬಣ್ಣದ ದುಡ್ಡು ಮುರಿಯಿರಿ, ಉಳಿದ ಡಿಪಾಸಿಟ್ ಅವತ್ತೇ ಕೊಟ್ಟು ಕಳಿಸಿ.